ಮರದ ಹೊಟ್ಟಿನ ಗೋಡೆ

ಮಳೆಯಲ್ಲಿ ನೆಂದ ಮರದ ಹೊಟ್ಟಿನ ವಾಸನೆ ನಿಮಗೂ ಗೊತ್ತಿರಬಹುದು. ಒಣಗಿದ್ದಾಗ ಅದು ಮೂಗಿನ ತುದಿಯನ್ನು ತುಸು ಕೆರಳಿಸುತ್ತದೆ, ಅಷ್ಟೆ. ನೆಂದಾಗ ಮಾತ್ರ ಹುಳಿ ಬೆರೆತ ಒಂದು ಸಿಹಿ ಏಳುತ್ತದೆ, ಮುಚ್ಚಿಟ್ಟು ಮರೆತುಹೋದ ಹಣ್ಣಿನ ಹಾಗೆ. ಕೆಲವು ವರ್ಷಗಳ ಹಿಂದೆ ಬಚ್ಚಲಿನ ಬಾಗಿಲು ಹಾಳಾಯಿತೆಂದು ಸೊಸೆಯ ಜೊತೆ ಟಿನ್ ಫ್ಯಾಕ್ಟರಿ ಕಡೆಯ ಒಂದು ಮರದ ಮಂಡಿಗೆ ಹೋಗಿದ್ದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಗರಗಸದ ಕೆಳಗಿನ ಹೊಟ್ಟಿನ ಗುಡ್ಡೆಯಿಂದ ಆವಿ ಏಳುತ್ತಿತ್ತು. ಹಲಗೆ ಆರಿಸುವುದನ್ನು ಬಿಟ್ಟು ನಾನು ಅಲ್ಲೇ ಒಂದು ದಿಮ್ಮಿಯ ಮೇಲೆ ಕೂತುಬಿಟ್ಟೆ. ತಲೆ ಸುತ್ತಿತೇ ಎಂದು ಸೊಸೆ ಕೇಳಿದಳು. ಹೌದೆಂದೆ. ಹಲಸೂರಿನ ಹಿತ್ತಲು, ಅಲ್ಲಿದ್ದ ಅಪ್ಪನ ಶೆಡ್ಡು, ನನ್ನ ಅಕ್ಕ, ಇವನ್ನೆಲ್ಲ ಮಂಡಿಯ ಗದ್ದಲದಲ್ಲಿ ನಿಂತು ಹೇಳುವುದಾದರೂ ಹೇಗೆ?

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಹಲಸೂರು ಕೆರೆಗೆ ಸ್ವಲ್ಪ ದೂರದ ಒಂದು ವಠಾರದಲ್ಲಿ ನಾವಿದ್ದೆವು. ಐದು ಮನೆ, ಒಂದು ನಲ್ಲಿ. ನಮ್ಮದು ಕೊನೆಯ ಮನೆಯಾದ್ದರಿಂದ ಹಿತ್ತಲು ನಮ್ಮ ಪಾಲಿಗಿತ್ತು. ಅಪ್ಪ ಶಾಮಣ್ಣ ಹಾರ್ಮೋನಿಯಂ ರಿಪೇರಿ ಮಾಡುವವನು. ದಂಡು ಪ್ರದೇಶದಲ್ಲಿ ಒಬ್ಬ ಇಂಗ್ಲಿಷರವನ ವಾದ್ಯದ ಅಂಗಡಿಯಲ್ಲಿ ಹದಿನೈದು ವರ್ಷ ದುಡಿದಿದ್ದ. ಯುದ್ಧ ಜೋರಾಗುತ್ತಿದ್ದಂತೆ ಆತ ಅಂಗಡಿ ಮುಚ್ಚಿ, ಅಪ್ಪನ ಕೈಗೆ ಅರ, ಚಿಮಟ, ಸಣ್ಣ ಇಕ್ಕಳಗಳಿದ್ದ ಒಂದು ಪೆಟ್ಟಿಗೆ ಕೊಟ್ಟು ಹೊರಟುಹೋದ. ಅಂದಿನಿಂದ ಅಪ್ಪನ ಕೆಲಸ ಮನೆಯ ಜಗುಲಿಗೆ ಬಂತು. ನಾಟಕ ಕಂಪನಿಯವರು, ಭಜನೆಯವರು, ಫ್ರೇಜರ್ ಟೌನಿನ ಕ್ರೈಸ್ತ ಮನೆಗಳವರು ತಮ್ಮ ಹರಿದ ತಿದಿಯ, ಅಪಸ್ವರದ ವಾದ್ಯಗಳನ್ನು ಹೊತ್ತು ತರುತ್ತಿದ್ದರು. ಹೊಸ ಸಾಮಾನು ಸಿಗದ ಕಾಲವಾದ್ದರಿಂದ ಕೆಲಸಕ್ಕೆ ಬರವಿರಲಿಲ್ಲ. ಬರವಿದ್ದದ್ದು ನಿಶ್ಶಬ್ದಕ್ಕೆ. ಹಾರ್ಮೋನಿಯಂ ಒಳಗೆ ಹಿತ್ತಾಳೆಯ ಪುಟ್ಟ ಪುಟ್ಟ ನಾಲಿಗೆಗಳಿರುತ್ತವೆ. ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಒಂದು ಉಸಿರಿನಷ್ಟು ಹೆಚ್ಚು ಕೆರೆದರೂ ಕೆಟ್ಟಿತು. ಮಿಲಿಟರಿ ಲಾರಿಗಳು ಬೀದಿ ನಡುಗಿಸುತ್ತಿದ್ದವು. ನಲ್ಲಿಯ ಹತ್ತಿರ ಬೆಳಗಿನಿಂದ ಬಿಂದಿಗೆಗಳ ಜಗಳ. ಇದರ ಮೇಲೆ ಬೇಸಿಗೆಯ ಕಾವಿಗೆ ಅಪ್ಪ ಹಾಕಿದ ಅಂಟು ಬಿಟ್ಟುಕೊಳ್ಳುತ್ತಿತ್ತು.

ದಾರಿ ತೋರಿಸಿದವರು ಖಾದರ್ ಸಾಬರು. ಈಗ ಶಿವಾಜಿನಗರವೆನ್ನುವ ಬ್ಲಾಕ್‌ಪಲ್ಲಿಯಲ್ಲಿ ಅವರು ಹಳೆಯ ಪೆಟ್ಟಿಗೆ, ಹಲಗೆ, ತಗಡುಗಳ ವ್ಯಾಪಾರ ಮಾಡುತ್ತಿದ್ದರು. ಅವರ ಹಾರ್ಮೋನಿಯಂ ಒಂದನ್ನು ಸರಿಮಾಡಿದಂದಿನಿಂದ ಅಪ್ಪನಿಗೆ ಸ್ನೇಹಿತರು. ಜಗುಲಿಯಲ್ಲಿ ಬೆವರುತ್ತ ಕೂತಿದ್ದ ಅಪ್ಪನನ್ನು ನೋಡಿ ಒಂದು ದಿನ ಹೇಳಿದರು, “ದೊರೆಗಳ ಮನೆಗೆ ಐಸು ಹೆಂಗೆ ಬರ್ತದೆ ನೋಡಿದೀರಲ್ಲ ಶಾಮಣ್ಣ? ಹೊಟ್ಟಲ್ಲಿ ಹೂತಿಟ್ಟು ತರ್ತಾರೆ. ಬಿಸಿಲು ಒಳಗೆ ಹೋಗಲ್ಲ. ಹಂಗೇ ಒಂದು ಕೋಣೆ ಮಾಡಿ. ಬಿಸಿಲೂ ಬರಲ್ಲ, ಸದ್ದೂ ಬರಲ್ಲ.”

ಹಿತ್ತಲಿನಲ್ಲಿ ಹಿಂದೆ ಯಾರೋ ಸೌದೆಗೆಂದು ಕಟ್ಟಿದ ತಗಡಿನ ಕೊಟ್ಟಿಗೆಯಿತ್ತು. ವಠಾರದ ಯಜಮಾನರನ್ನು ಕೇಳಿಕೊಂಡು ಅಪ್ಪ ಅದನ್ನೇ ಹಿಡಿದ. ಮಿಲಿಟರಿ ಸಾಮಾನು ಬಂದ ಪೆಟ್ಟಿಗೆಗಳ ಹಲಗೆಯನ್ನು ಸಾಬರು ಗಾಡಿಯಲ್ಲಿ ಕಳಿಸಿದರು. ತಗಡಿನ ಒಳಮೈಗೆ ಒಂದು ಸಾಲು ಹಲಗೆ, ಅದರಿಂದ ಒಂದು ಗೇಣು ಒಳಕ್ಕೆ ಇನ್ನೊಂದು ಸಾಲು. ನಡುವಿನ ಸಂದಿಗೆ ಮರದ ಹೊಟ್ಟು. ಗೆದ್ದಲು ಹಿಡಿಯದಿರಲೆಂದು ಪದರ ಪದರಕ್ಕೂ ಒಣಗಿದ ಬೇವಿನೆಲೆ. ಮೇಲೆ ತಗಡಿನ ಕೆಳಗೆ ಚಾಪೆ ಬಿಗಿದು ಅದರ ಮೇಲೂ ಹೊಟ್ಟು. ಬಾಗಿಲಿಗೆ ಎರಡು ಪದರ ಗೋಣಿ ಹೊಡೆದು ನಡುವೆ ತೆಂಗಿನ ನಾರು ತುರುಕಿದ. ಕಿಟಕಿ ಇಡಲಿಲ್ಲ. ಬೆಳಕಿಗೆ ಮಾಡಿನಲ್ಲಿ ಒಂದು ಗಾಜು, ಅಷ್ಟೆ. ಅಕ್ಕ ಕಮಲ ಸೆರಗಿನಿಂದ ಮೂಗು ಕಟ್ಟಿಕೊಂಡು ಮೊರದಲ್ಲಿ ಹೊಟ್ಟು ತುಂಬಿ ಕೊಡುತ್ತಿದ್ದಳು, ಅಪ್ಪ ಸುರಿದು ಕೋಲಿನಿಂದ ಜಡಿಯುತ್ತಿದ್ದ. ಇಬ್ಬರ ಹುಬ್ಬಿನ ಮೇಲೂ ಹಳದಿ ಧೂಳು. ಮುಗಿದ ದಿನ ಅಪ್ಪ ನಮ್ಮನ್ನೆಲ್ಲ ಒಳಗೆ ಕರೆದು ಬಾಗಿಲು ಹಾಕಿದ. ಹೊರಗಿನ ಜಗತ್ತು ಆರಿಸಿದ ದೀಪದ ಹಾಗೆ ನಂದಿಹೋಯಿತು. ನಮ್ಮ ಉಸಿರು ನಮಗೇ ಕೇಳುತ್ತಿತ್ತು. ಅಕ್ಕ ಸಂತೋಷದಿಂದ ನಕ್ಕಳು. ಅಮ್ಮ ಮಾತ್ರ ತಡೆಯಲಾರದೆ ಬಾಗಿಲು ತೆಗೆದು ಹೊರಗೆ ಹೋಗಿಬಿಟ್ಟಳು.

ಅಕ್ಕನಿಗೆ ಆಗ ಹದಿನಾರು, ನನಗೆ ಹತ್ತು. ಅಪ್ಪನಿಗೆ ಚಿಕ್ಕಂದಿನಲ್ಲಿ ಕಿವಿ ಸೋರಿ ಎಡಗಿವಿ ಮಂದವಾಗಿತ್ತು. ವಯಸ್ಸಾಗುತ್ತ ಬಲಗಿವಿಯನ್ನೂ ಅವನು ನಂಬುತ್ತಿರಲಿಲ್ಲ. ಅವನು ನಂಬುತ್ತಿದ್ದದ್ದು ಅಕ್ಕನ ಕಿವಿಯನ್ನು. ಅವಳು ಯಾರ ಹತ್ತಿರವೂ ಸಂಗೀತ ಕಲಿತವಳಲ್ಲ. ಆದರೆ ಕಣ್ಣು ಮುಚ್ಚಿ ತಲೆ ಒಂದು ಪಕ್ಕಕ್ಕೆ ವಾಲಿಸಿ, “ಇನ್ನೊಂಚೂರು ಏರ್ಬೇಕಪ್ಪ” ಎಂದರೆ ಅಷ್ಟೇ ಏರಬೇಕಾಗಿರುತ್ತಿತ್ತು. ಬೆಳಗಿನ ತಿಂಡಿಯಾದ ಮೇಲೆ ಇಬ್ಬರೂ ಶೆಡ್ಡು ಸೇರಿದರೆ ಮಧ್ಯಾಹ್ನ ಊಟಕ್ಕೆ ಕರೆಯಲು ನಾನು ಹೋಗಿ ಬಾಗಿಲು ಗುದ್ದಬೇಕು. ಬಾಗಿಲು ತೆರೆದೊಡನೆ ಹಿತ್ತಾಳೆಯ ಪುಡಿ, ಬೇವು, ಬಿಸಿ ಅಂಟು ಎಲ್ಲ ಬೆರೆತ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅವರಿಬ್ಬರ ಮುಖದಲ್ಲಿ ದೂರದ ಊರಿಂದ ಬಂದವರ ಹಾಗೆ ಒಂದು ಮಂಕು, ಒಂದು ಸುಖ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಪ್ಪ ಅಷ್ಟು ಮಾತಾಡುತ್ತಿದ್ದದ್ದು ಅವಳೊಬ್ಬಳ ಹತ್ತಿರ.

ಒಂದೂವರೆ ವರ್ಷ ಹಾಗೆ ಕಳೆಯಿತು. ಆಮೇಲೆ ಅಕ್ಕನಿಗೆ ಕೆಮ್ಮು ಹಿಡಿಯಿತು. ಹೊಟ್ಟಿನ ಧೂಳು ಎಂದುಕೊಂಡೆವು. ಶುಂಠಿ, ಮೆಣಸು, ಜೇನು ಎಲ್ಲ ಆಯಿತು. ಸಂಜೆ ಸಂಜೆ ಜ್ವರ, ಕೆನ್ನೆಯ ಮೇಲೆ ಮಾತ್ರ ಕೆಂಪು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿದವಳು ನೀರು ಹೋಗುವ ತೂಬನ್ನೇ ನೋಡುತ್ತ ನಿಂತುಬಿಟ್ಟಳು. ಡಾಕ್ಟರು ಕ್ಷಯ ಎಂದರು. ಗಾಳಿ, ಬೆಳಕು, ಹಾಲು, ಮೊಟ್ಟೆ, ವಿಶ್ರಾಂತಿ. ಬೇರೆ ಔಷಧಿ ಆಗ ಇರಲಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇಲ್ಲ, ಆದಾಗ ತಿಳಿಸುತ್ತೇವೆ ಎಂದರು. ಮನೆಗೆ ಬಂದ ಮೇಲೆ ಅಮ್ಮ ಒಲೆಯ ಮುಂದೆ ಕೂತು ಅಪ್ಪನ ಕಡೆ ತಿರುಗದೆಯೇ ಹೇಳಿದಳು, “ಗಾಳಿ ಆಡದ ಪೆಟ್ಟಿಗೇಲಿ ಕೂರಿಸ್ಕೊಂಡ್ರಿ ನನ್ನ ಮಗೂನ.”

ಸುದ್ದಿ ವಠಾರಕ್ಕೆ ಗೊತ್ತಾಗಲು ಎರಡು ದಿನ ಬೇಕಾಗಲಿಲ್ಲ. ನಲ್ಲಿಯಲ್ಲಿ ಅಮ್ಮನಿಗೆ ಎಲ್ಲರೂ ಜಾಗ ಬಿಡತೊಡಗಿದರು; ಅದು ಮರ್ಯಾದೆಯಲ್ಲ ಎಂದು ನನಗೂ ತಿಳಿಯಿತು. ಮೂರನೆಯ ದಿನ ಯಜಮಾನರು ಬಂದು ಜಗುಲಿಯ ಕೆಳಗೇ ನಿಂತರು. ಕೆಟ್ಟವರಲ್ಲ. ಮಾತಾಡುವಾಗ ಅವರ ಕಣ್ಣೂ ತುಂಬಿತ್ತು. “ನನ್ನ ಮಗನೂ ಇದ್ರಲ್ಲೇ ಹೋದ, ನಿಮಗೆ ಗೊತ್ತಲ್ಲ ಶಾಮಣ್ಣ. ಇಲ್ಲಿ ಎಷ್ಟು ಮಕ್ಕಳಿದಾವೆ ನೋಡಿ. ನೀವು ಮನೆ ಬಿಡಿ ಅನ್ನಲ್ಲ. ಮಗೂನ ಹಿತ್ತಲಲ್ಲಿ ಇಡಿ. ಕಿಟಕಿ ಇಟ್ರೆ ಮಾತ್ರ ಆ ಕಡೆ ಇಡಿ, ವಠಾರದ ಕಡೆ ಬೇಡ.”

ಮರುದಿನ ಅಪ್ಪ ತನ್ನ ಅರ, ಚಿಮಟ, ಅರ್ಧ ಬಿಚ್ಚಿದ ಹಾರ್ಮೋನಿಯಂಗಳನ್ನೆಲ್ಲ ಹೊರಗೆ ತಂದು ಜಗುಲಿಯಲ್ಲಿ ಒಟ್ಟಿದ. ಶೆಡ್ಡಿನ ಹಿಂಬದಿಯ ತಗಡು ಬಿಚ್ಚಿ, ಗರಗಸ ಹಿಡಿದು ಗೋಡೆ ಕೊಯ್ಯಲು ನಿಂತ. ಹಲಗೆ ತುಂಡಾಗುತ್ತಿದ್ದಂತೆ ಒಳಗಿನ ಹೊಟ್ಟು ಗಾಯದಿಂದ ಸುರಿದ ಹಾಗೆ ಅವನ ಪಾದಗಳ ಮೇಲೆ ಸುರಿಯತೊಡಗಿತು. ಅವನು ಕಾಲು ತೆಗೆಯಲಿಲ್ಲ. ಮೊಣಕಾಲವರೆಗೆ ಬಂದರೂ ಕೊಯ್ಯುತ್ತಲೇ ಇದ್ದ. ಒಂದು ಕಿಟಕಿಯಾಯಿತು. ಅದರಾಚೆ ಹುಲ್ಲು ಬೆಳೆದ ಬಯಲು, ಇನ್ನೂ ಆಚೆ ಕೆರೆಯ ಮಿನುಗು. ಆದರೆ ಮನೆಯ ಕಡೆಗಿದ್ದ ಗೋಡೆ ಇದ್ದ ಹಾಗೆಯೇ ಇತ್ತು, ಬಾಗಿಲೂ ಹಾಗೆಯೇ. ಅಕ್ಕ ಕರೆದರೆ ನಮಗೆ ಕೇಳದು ಎಂದು ಖಾದರ್ ಸಾಬರು ಒಂದು ಎತ್ತಿನ ಕೊರಳ ಗಂಟೆ ತಂದುಕೊಟ್ಟರು. ಅಪ್ಪ ಅದನ್ನು ಹೊರಗೆ ಸೂರಿಗೆ ಕಟ್ಟಿ, ದಾರವನ್ನು ಗೋಡೆ ತೂರಿಸಿ ಮಂಚದ ತಲೆದಿಂಬಿನವರೆಗೆ ಎಳೆದ.

ನಾನು ಒಳಗೆ ಹೋಗುವ ಹಾಗಿರಲಿಲ್ಲ. ಅಮ್ಮ ಕೆಲಸದಲ್ಲಿದ್ದಾಗ, ಹೊರಗೆ ಹೋದಾಗ, ಶೆಡ್ಡಿನ ಮೆಟ್ಟಿಲ ಮೇಲೆ ಕೂತಿರಬೇಕು; ಗಂಟೆ ಬಾರಿಸಿದರೆ ಅಮ್ಮನನ್ನೋ, ಇಲ್ಲದಿದ್ದರೆ ಮುಂದಿನ ಮನೆಯ ಅಜ್ಜಿಯನ್ನೋ ಕರೆಯಬೇಕು. ಅಕ್ಕನೇ ಒಂದು ಆಟ ಹುಡುಕಿದಳು. ಅವಳು ಒಳಗಿನಿಂದ ಹಲಗೆಯನ್ನು ಎರಡು ಸಲ ತಟ್ಟಿದರೆ ‘ಇದೀಯಾ?’ ಎಂದರ್ಥ. ನಾನು ಹೊರಗಿನ ತಗಡನ್ನು ಎರಡು ಸಲ ತಟ್ಟಿದರೆ ‘ಇದೀನಿ’ ಎಂದು. ಹೊಟ್ಟಿನೊಳಗೆ ಮುಳುಗಿ ಬರುವ ಸದ್ದು ದೂರದಲ್ಲಿ ಯಾರೋ ದಿಂಬು ಗುದ್ದಿದಂತಿರುತ್ತಿತ್ತು. ಗೋಡೆಗೆ ಕಿವಿ ಹತ್ತಿರವಿಟ್ಟು ಕೂತರೆ ಮಾತ್ರ ಕೇಳುತ್ತಿತ್ತು. ಒಮ್ಮೆ ಅಮ್ಮ ಗಂಜಿ ಕೊಡಲು ಬಾಗಿಲು ತೆರೆದಾಗ ಅಕ್ಕ ನನ್ನನ್ನು ನೋಡಿದಳು. ಕೊರಳ ಮೂಳೆಗಳು ಎದ್ದು ಕಾಣುತ್ತಿದ್ದವು. “ನನ್ನ ಕಂಡ್ರೆ ಭಯ ಆಗತ್ತಾ ನಿಂಗೆ?” ಎಂದಳು. ಇಲ್ಲವೆಂದೆ. ಸುಳ್ಳು. ನನಗೆ ಅವಳ ಕೆಮ್ಮಿನ ಭಯ, ಬಾಗಿಲಿನಿಂದ ಬರುವ ಗಾಳಿಯ ಭಯ.

ಆ ದಿನ ಮಧ್ಯಾಹ್ನ ಅಮ್ಮ ರೇಷನ್ ಅಕ್ಕಿಗೆ ಸರತಿಯಲ್ಲಿ ನಿಲ್ಲಲು ಹೋಗಿದ್ದಳು. ಅಪ್ಪ ಫ್ರೇಜರ್ ಟೌನಿನ ಒಂದು ಮನೆಗೆ ಕೆಲಸಕ್ಕೆ ಹೋಗಿದ್ದ. ನಾನು ಮೆಟ್ಟಿಲ ಮೇಲೆ ಗೋಡೆಗೆ ಒರಗಿಕೊಂಡು ಕಲ್ಲಾಟ ಆಡುತ್ತಿದ್ದೆ. ಐದು ಕಲ್ಲು, ಕೈ ಚೆನ್ನಾಗಿ ಕೂತಿತ್ತು. ಆಗ ಗೋಡೆಯಲ್ಲಿ ಸದ್ದಾಯಿತು. ಎರಡು ಸಲವಲ್ಲ. ನಾಲ್ಕೋ ಐದೋ, ಒಂದರ ಮೇಲೊಂದು, ತಾಳ ತಪ್ಪಿದ ಹಾಗೆ. ನಾನು ಗಂಟೆಯ ಕಡೆ ನೋಡಿದೆ. ಅದು ಅಲುಗಲಿಲ್ಲ. ಬೇಕಿದ್ದರೆ ಗಂಟೆ ಬಾರಿಸುತ್ತಾಳೆ ಎಂದುಕೊಂಡೆ. ಬಾಗಿಲು ತೆರೆದು ನೋಡಬಹುದಿತ್ತು; ಅಜ್ಜಿಯನ್ನು ಕರೆಯಬಹುದಿತ್ತು. ನಾನು ಕೈ ಚಾಚಿ ತಗಡನ್ನು ಎರಡು ಸಲ ತಟ್ಟಿದೆ. ಇದೀನಿ. ಇನ್ನೊಂದು ಸಲ ಸದ್ದಾಯಿತು, ಸಣ್ಣದಾಗಿ. ಮತ್ತೆ ತಟ್ಟಿದೆ. ಆಮೇಲೆ ಏನೂ ಇಲ್ಲ. ನಾನು ಕಲ್ಲುಗಳನ್ನು ಎತ್ತಿಕೊಂಡೆ.

ಎಷ್ಟು ಹೊತ್ತಿನ ಮೇಲೋ ಅಮ್ಮ ಅಕ್ಕಿ ಚೀಲ ಹೊತ್ತು ಬಂದಳು. ಚೀಲ ಇಳಿಸಿ, ಕೈಕಾಲು ತೊಳೆದು, ಹಾಲಿನ ಲೋಟ ಹಿಡಿದು ಬಾಗಿಲು ತೆರೆದಳು. ಅಕ್ಕ ಮಂಚದಿಂದ ಅರ್ಧ ಜಾರಿದ್ದಳು. ಒಂದು ಕೈ ಗೋಡೆಗೆ ತಾಗಿಕೊಂಡಿತ್ತು. ದಿಂಬು, ಹಾಸಿಗೆ, ನೆಲ ಎಲ್ಲ ಕೆಂಪು. ಅಮ್ಮ ಹಾಲಿನ ಲೋಟವನ್ನು ಚೆಲ್ಲದ ಹಾಗೆ ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವಿನ ಒಂದು ಸೊಲ್ಲೂ ಹೊರಗೆ ಬರಲಿಲ್ಲ.

ಎಲ್ಲ ಮುಗಿದ ಮೇಲೆ ಅಪ್ಪ ಹದಿನೈದು ದಿನ ಶೆಡ್ಡಿನ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಂದು ದಿನ ಕಡಪಾರೆ ತೆಗೆದುಕೊಂಡು ಹಲಗೆಗಳನ್ನು ಒಂದೊಂದಾಗಿ ಕೀಳತೊಡಗಿದ. ಖಾದರ್ ಸಾಬರು ಬಂದು ಹೊಟ್ಟಿನ ರಾಶಿಯ ಪಕ್ಕ ನೆಲದ ಮೇಲೇ ಕೂತರು. “ನಾನೇ ಹೇಳಿದ್ದು ಶಾಮಣ್ಣ, ಹೊಟ್ಟು ತುಂಬಿ ಅಂತ,” ಎಂದರು. ಅಪ್ಪ ಕೈ ನಿಲ್ಲಿಸದೆ, “ಕಟ್ಟಿದ್ದು ನಾನು, ಸಾಬ್ರೆ,” ಎಂದ. ಸಂಜೆ ಮಳೆ ಬಂತು. ಬಯಲಿಗೆ ಬಿದ್ದ ಹೊಟ್ಟು ನೆಂದು ಕಂದಾಗಿ, ಆ ವಾಸನೆ ಎಷ್ಟೋ ದಿನ ಮನೆಯೊಳಗೆಲ್ಲ ತುಂಬಿಕೊಂಡಿತ್ತು.

ಅಪ್ಪ ಮತ್ತೆ ಹಾರ್ಮೋನಿಯಂ ಮುಟ್ಟಲಿಲ್ಲ. ಹಳೆ ಮದ್ರಾಸ್ ರಸ್ತೆಯ ಒಂದು ಕಾರ್ಖಾನೆಯಲ್ಲಿ, ದಿನವಿಡೀ ಯಂತ್ರಗಳು ತಗಡು ಬಡಿಯುವ ಕಡೆ, ಕೆಲಸಕ್ಕೆ ಸೇರಿದ. ಅಲ್ಲಿ ಕಿವಿ ಹೋಗತ್ತೆ ಎಂದು ಅಮ್ಮ ಬೇಡಿಕೊಂಡಳು. “ಹೋಗ್ಲಿ,” ಎಂದ. ಹೋಯಿತು. ಕೊನೆಯ ವರ್ಷಗಳಲ್ಲಿ ನಾವು ಏನು ಹೇಳಿದರೂ ನಮ್ಮ ತುಟಿ ನೋಡಿ ತಲೆಯಾಡಿಸುತ್ತಿದ್ದ, ಅಷ್ಟೆ.

ಅಮ್ಮ ಅವನಿಗಿಂತ ಹನ್ನೆರಡು ವರ್ಷ ಹೆಚ್ಚು ಬದುಕಿದಳು, ಬೆನ್ಸನ್ ಟೌನಿನ ನನ್ನ ಮನೆಯಲ್ಲಿ. ಒಂದು ಮಧ್ಯಾಹ್ನ ಇಬ್ಬರೂ ಹಜಾರದಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆವು. ಅಕ್ಕನ ಹೆಸರು ನಮ್ಮ ನಡುವೆ ಬಂದು ಎಷ್ಟೋ ಕಾಲವಾಗಿತ್ತು. ಅಮ್ಮ ತಲೆಯೆತ್ತದೆ ಹೇಳಿದಳು, “ಅವತ್ತು ಬೆಳಿಗ್ಗೆ ಹಾಸಿಗೆ ಬಟ್ಟೆ ಬದಲಾಯಿಸುವಾಗ ಗಂಟೆ ದಾರಾನ ಮೊಳೆಗೆ ಸಿಕ್ಕಿಸಿದ್ದೆ. ತೆಗೆದು ಕೈಗೆ ಸಿಗೋ ಹಂಗೆ ಇಡೋದು ಮರೆತೆ. ನಿಮ್ಮಪ್ಪಂಗೆ ಹೇಳ್ಲೇ ಇಲ್ಲ.”

ಗೋಡೆಯಲ್ಲಿ ಆದ ಸದ್ದನ್ನು ನಾನೂ ಯಾರಿಗೂ ಹೇಳಿರಲಿಲ್ಲ.

“ಒಂದೇ ಗಳಿಗೇಲಿ ಆಗಿರ್ಬೇಕು,” ಎಂದಳು ಅಮ್ಮ. “ದಾರ ಕೈಲಿದ್ರೂ ಎಳೆಯೋಕೆ ಆಗ್ತಿರ್ಲಿಲ್ಲ, ಅಲ್ವಾ? ನೀನು ಹೊರಗೇ ಕೂತಿದ್ದೆ. ನಿಂಗೇನೂ ಕೇಳಿಸ್ಲಿಲ್ಲ ತಾನೆ?”

ಅವಳು ಈಗ ನನ್ನ ಮುಖವನ್ನೇ ನೋಡುತ್ತಿದ್ದಳು. ಎಂಬತ್ತು ದಾಟಿದ ಕಣ್ಣು, ಹೊರೆ ಇಳಿಸಲು ಯಾರಾದರೂ ಕೈ ಕೊಟ್ಟಾರೇ ಎಂದು ಕಾದು ನಿಂತ ಹಾಗೆ.

“ಏನೂ ಕೇಳಿಸ್ಲಿಲ್ಲಮ್ಮ,” ಎಂದೆ. “ಒಂದೇ ಗಳಿಗೆ.”

ಅಮ್ಮ ಮೊರವನ್ನು ತನ್ನ ಕಡೆ ಎಳೆದುಕೊಂಡು ಮತ್ತೆ ಕಲ್ಲು ಆರಿಸತೊಡಗಿದಳು. ಆ ಚಳಿಗಾಲದಲ್ಲಿ ಅವಳೂ ಹೋದಳು. ಅಕ್ಕ ಆ ಮಧ್ಯಾಹ್ನ ಎಚ್ಚರವಾಗಿದ್ದಳೆಂಬುದನ್ನು ಬಲ್ಲವಳು ಈಗ ನಾನೊಬ್ಬಳೇ.