ಗೊನೆ ಕೊಟ್ಟವನು ನಾನು

ಆ ಬಾಳೆಗೊನೆಯನ್ನು ಅಂಪೈರರ ಮನೆಗೆ ಮುಟ್ಟಿಸಿದವನು ನಾನು. ನಮ್ಮ ಹುಡುಗಿಯರಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತು ಇಷ್ಟೇ — ಬರೆದು ನೋಡಿದರೆ ಎಷ್ಟು ಚಿಕ್ಕದು!

ಕಮಲಾಪುರದ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರನಾಗಿದ್ದೆ. ನಮ್ಮೂರವರು ಕಲಬುರಗಿಗೆ ಬರಿಗೈಲಿ ಹೋಗುವವರಲ್ಲ. ಬೀಗರಿರಲಿ, ಡಾಕ್ಟರಿರಲಿ, ಕೆಂಪು ಬಾಳೆಹಣ್ಣು ಜೊತೆಗಿರಲೇಬೇಕು. ಅಲ್ಲಿ ನಮ್ಮ ಹುಡುಗಿಯರ ಖೊಖೊ ಸೆಮಿಫೈನಲ್ಲಿನ ಹಿಂದಿನ ದಿನ ನಾನೂ ಸಂತೆಯಲ್ಲಿ ಒಂದು ಗೊನೆ ಕೊಂಡು ಹೋದೆ. ಅಂಪೈರ್ ಮನೆಯಲ್ಲಿರಲಿಲ್ಲ. ಅವರ ತಾಯಿಯ ಕೈಗೆ ಕೊಟ್ಟೆ. ಬರೀ ರೂಢಿ ಎಂದು ಜಾರಿಕೊಳ್ಳಬಹುದಿತ್ತು — ಆದರೆ, "ಕಮಲಾಪುರದವರು ಕೊಟ್ಟಾರಂತ ಹೇಳ್ರೀ ಅವ್ವಾ. ನಮ್ಮ ಹುಡುಗ್ಯಾರ ಕಡೆ ಸ್ವಲ್ಪ ನೋಡಂತ ಹೇಳ್ರೀ" ಎಂದೂ ಸೇರಿಸಿದೆ.

ಅಂಪೈರ್ ನೇರ ಮನುಷ್ಯ. ಮುದುಕಿ ತಾಯಿ ಅವರಿಗೆ ಹೇಳಿದ್ದು "ಕಮಲಾಪುರದವರು ಕೊಟ್ಟಾರ" ಎಂದಷ್ಟೇ. ಮರುದಿನ ಗೊನೆಯನ್ನು ಮೈದಾನಕ್ಕೇ ತಂದು, ಸಂಘಟಕರ ಮೇಜಿನ ಮೇಲಿಟ್ಟರು. ಯಾರು ಕೊಟ್ಟದ್ದು ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು:

"ಹುಡುಗ್ಯಾರು ಪ್ರೀತಿಲೆ ಕೊಟ್ಟಿರಬೇಕ್ರೀ. ನನಗ ಗೊತ್ತಿಲ್ಲ."

ತಂಡವನ್ನು ಅಲ್ಲೇ ಹೊರಗೆ ಹಾಕಿದರು, ಎರಡು ವರ್ಷ ಆಡಬಾರದೆಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾಯಕಿ ಶಾಹೀನಾಳಿಗೆ ಅದು ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡಕ್ಕೆ ಸೇರುವ ಆಸೆ ಅಲ್ಲಿಗೇ ಮುಗಿಯಿತು.

ಅದಕ್ಕಿಂತ ಕೆಟ್ಟದ್ದು ವಾಪಸು ಬರುವ ಬಸ್ಸಿನಲ್ಲಾಯಿತು. ಶಾಹೀನಾ ತನ್ನ ಜೀವದ ಗೆಳತಿ ಕಾವೇರಿಗೆ ಹೇಳಿದಳು: "ತಂಡದಾಗ ಬಾಳಿ ತ್ವಾಟ ಇರೋದು ನಿಮ್ಮದೊಂದ. ಇನ್ನ ನನ್ನ ಕೂಡ ಮಾತಾಡಬ್ಯಾಡ."

"ನೀವರ ಹೇಳ್ರೀ ಸರ, ನಾ ಕೊಟ್ಟಿಲ್ಲ" — ಕಾವೇರಿ ನನ್ನ ಕಡೆ ತಿರುಗಿದಳು. ನಾನು ಕಿಟಕಿಯ ಕಡೆ ತಿರುಗಿದೆ.

ಮುಂದೆ ನಾನು ಸಭೆಗಳಲ್ಲಿ ಭಾಷಣ ಬೇರೆ ಮಾಡಿದೆ! ತಪ್ಪು ಮಾಡಿದವನನ್ನು ಹಿಡಿಯಿರಿ, ಆಡುವ ಮಕ್ಕಳನ್ನು ಯಾಕೆ ಶಿಕ್ಷಿಸುತ್ತೀರಿ ಎಂದು. ವಾದ ಸರಿಯೇ ಇತ್ತು, ಈಗಲೂ ಸರಿ. ಆದರೆ ಆ ತಪ್ಪು ಮಾಡಿದವನೇ ಮೈಕು ಹಿಡಿದು ನಿಂತಿದ್ದ. ಜನ ಚಪ್ಪಾಳೆ ತಟ್ಟಿದರು, ನಾನು ಕೈಮುಗಿದು ಕುಳಿತೆ.

ನಿದ್ದೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿವೃತ್ತನಾಗಿ ಕಲಬುರಗಿ ಪಕ್ಕದ ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಸುಖವಾಗಿದ್ದೇನೆ. ಬಿಸಿ ರೊಟ್ಟಿ, ಮಧ್ಯಾಹ್ನದ ನಿದ್ದೆ, ಯಾವುದಕ್ಕೂ ಕಡಿಮೆಯಿಲ್ಲ. ಕುಸನೂರಿನ ಶಾಲೆಯಲ್ಲಿ ಖೊಖೊ ಕಲಿಸುವ ಶಾಹೀನಾ ರಂಜಾನಿಗೆ ಸುರ್‌ಕುಂಬಾ ಪಾಯಸ ತರುತ್ತಾಳೆ. ದೀಪಾವಳಿಗೆ ಕಾವೇರಿ ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಒಬ್ಬಳು ಇನ್ನೊಬ್ಬಳ ಹೆಸರೆತ್ತುವುದಿಲ್ಲ. ನನಗದು ಅನುಕೂಲವೇ ಆಗಿತ್ತು.

ಮೊನ್ನೆ ಶಾಹೀನಾ ಅಂದಳು: "ಖೊಖೊದಾಗ ಬೆನ್ನ ಹಿಂದಿಂದ ಖೋ ಕೊಡಾಕಿನ್ನ ನಂಬಿ ಏಳಬೇಕ್ರೀ ಸರ. ಹುಡುಗ್ಯಾರಿಗೆ ಹೇಳಿಕೊಡ್ತೀನಿ. ನನಗ ಮಾತ್ರ ಆ ನಂಬಿಕಿ ಹೋಗ್ಯಾದ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ — ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನನಗೆ ನಾಚಿಕೆಯಾಯಿತು.

ಬರುವ ಭಾನುವಾರ ಇಬ್ಬರನ್ನೂ ಊಟಕ್ಕೆ ಕರೆದಿದ್ದೇನೆ. ಹೆಂಡತಿಗೆ ಎಲ್ಲ ಹೇಳಿದೆ. "ಮೊದಲ ಉಣ್ಣಾಕ ನೀಡ್ತೀನಿ, ಆಮ್ಯಾಲ ಹೇಳ್ರೀ" ಎಂದಳು. ಬೇಡವೆಂದೆ. ಉಂಡ ಮನೆಯಲ್ಲಿ ಬಾಯಿ ಬಿಚ್ಚಿ ಬೈಯಲು ಅವರಿಗಾಗುವುದಿಲ್ಲ, ಆ ಉಪಾಯವೂ ನನಗೆ ಬೇಡ. ಮೊದಲು ಹೇಳುತ್ತೇನೆ. ಉಣ್ಣದೆ ಎದ್ದು ಹೋದರೆ ಹೋಗಲಿ — ಇಬ್ಬರೂ ಕೂಡಿ ಹೋಗಲಿ.