ಹೊಸ ಗಾಯಕನ ಬಗ್ಗೆ ನಾನು ಹೇಳಿದ ಮಾತು

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಬೆಳಗೋಡಿನಲ್ಲಿ ನನ್ನದೊಂದು ವೆಲ್ಡಿಂಗ್ ಶಾಪ್ ಇದೆ. ಗೇಟು, ಗ್ರಿಲ್ಲು ಮಾಡುತ್ತೇನೆ. ಕಾಫಿ ಕೊಯ್ಲಿನ ಕಾಲ ಬಂದರೆ ಎಸ್ಟೇಟುಗಳಿಗೆ ಹೋಗಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ ರಿಪೇರಿ ಮಾಡುತ್ತೇನೆ. ನಾನು ಕೈಯಿಟ್ಟ ಮಿಷನ್ ಅದೇ ಕೊಯ್ಲಿನಲ್ಲಿ ಎರಡನೇ ಸಲ ಕೆಟ್ಟು ನಿಂತದ್ದಿಲ್ಲ. ಇದನ್ನು ಜಂಬ ಅಂದರೂ ಸರಿಯೇ.

ಇಂಥವನು ಇಂಗ್ಲಿಷಿನ ಹೆವಿ ಮೆಟಲ್ ಹಾಡು ಕೇಳುತ್ತಾನೆ ಅಂದರೆ ಜನ ನಗುತ್ತಾರೆ. ದಿನವಿಡೀ ಗ್ರೈಂಡರ್ ಹಿಡಿದು ಕೂತವನ ಕಿವಿಗೆ ಭಾವಗೀತೆ ಎಲ್ಲಿ ಕೇಳಿಸಬೇಕು? ನನಗೆ ಈ ರುಚಿ ಹತ್ತಿಸಿದವರು ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟಿನ ರೈಟರು. ಆಳುಗಳ ಹಾಜರಿ ತೆಗೆದುಕೊಂಡು ಯಾರಿಗೆ ಯಾವ ಕೆಲಸ ಎಂದು ಹಂಚುವುದು ಅವರ ಕೆಲಸ. ನನಗಿಂತ ಹದಿನೈದು ವರ್ಷ ದೊಡ್ಡವರು. ತೋಟದ ಧಣಿಯ ಮಗ ಬಿಟ್ಟುಹೋದ ಒಂದು ಡಬ್ಬ ಕ್ಯಾಸೆಟ್ಟು ಅವರ ಪಾಲಿಗೆ ಬಂದಿತ್ತು. ಅದರಲ್ಲಿದ್ದ ಒಂದು ಬ್ಯಾಂಡಿನ ಹುಚ್ಚು ಮೊದಲು ಅವರಿಗೆ ಹಿಡಿಯಿತು, ಪಲ್ಪರ್ ಕೆಲಸಕ್ಕೆ ಹೋದಾಗ ನನಗೆ ಅಂಟಿತು, ನನ್ನಿಂದ ಬಿಸಿಲೆ ಘಾಟಿಯ ಕಡೆಗೆ ಜೀಪು ಓಡಿಸುವ ನನ್ನ ಗೆಳೆಯನಿಗೂ ತಗುಲಿತು. ನಮ್ಮ ಮೂವರ ಅಭಿಮಾನಿ ಸಂಘ ಅಷ್ಟೇ.

ನಮ್ಮದೊಂದು ಪದ್ಧತಿ ಇತ್ತು. ಆ ಬ್ಯಾಂಡಿನ ಹೊಸ ಆಲ್ಬಮ್ ಬಂದರೆ ಯಾರೂ ಒಬ್ಬೊಬ್ಬರೇ ಕೇಳುವಂತಿಲ್ಲ. ಭಾನುವಾರ ಜೀಪನ್ನು ಬಿಸಿಲೆ ರಸ್ತೆಯ ಒಂದು ತಿರುವಿನಲ್ಲಿ ನಿಲ್ಲಿಸಿ, ಗಾಜು ಏರಿಸಿ, ಮೊದಲಿಂದ ಕೊನೆಯವರೆಗೆ ಮಾತಿಲ್ಲದೆ ಕೇಳಬೇಕು. ಆಮೇಲೆ ಅಭಿಪ್ರಾಯ. ಇಂಗ್ಲಿಷ್ ಬಾರದ ನಾನು ಮೊದಲು ಹೇಳಬೇಕು, ಬರಿಯ ದನಿಯ ಬಗ್ಗೆ. ಎಸ್ಸೆಸ್ಸೆಲ್ಸಿ ಪಾಸಾದ ರೈಟರು ಕೊನೆಗೆ ಹಾಡಿನ ಅರ್ಥ ಬಿಡಿಸಿ ತೀರ್ಪು ಕೊಡುವರು. ಮಾತು ಗೊತ್ತಿಲ್ಲದವನ ಕಿವಿ ಮೋಸ ಹೋಗುವುದಿಲ್ಲ ಅಂತ ಈ ನಿಯಮ ಮಾಡಿದವರೂ ಅವರೇ. ನನ್ನ ಮಾತಿಗೆ ಮೊದಲ ಸ್ಥಾನ ಕೊಟ್ಟ ವಿದ್ಯಾವಂತ ನನ್ನ ಬದುಕಿನಲ್ಲಿ ಅವರೊಬ್ಬರೇ. ಅದಕ್ಕೇ ಅವರನ್ನು ಕಳೆದುಕೊಳ್ಳುವ ಹೊತ್ತು ಬಂದಾಗ ನನಗೆ ಊಟ ಸೇರುತ್ತಿರಲಿಲ್ಲ.

ಆದದ್ದು ಹೀಗೆ. ಬ್ಯಾಂಡಿನ ಹಳೆಯ ಗಾಯಕ ಹೊರಗೆ ಹೋದ. ಗಂಟಲು ಕೈಕೊಟ್ಟಿತು ಅಂದರು ಕೆಲವರು, ಉಳಿದವರು ಸೇರಿ ಹೊರಗೆ ಹಾಕಿದರು ಅಂದರು ಕೆಲವರು. ಅವನ ಜಾಗಕ್ಕೆ ವಯಸ್ಸಿನಲ್ಲಿ ಚಿಕ್ಕವನೊಬ್ಬ ಬಂದ. ಆಲ್ಬಮ್ ಬಂದ ದಿನ ಜೀಪಿನವನು ನನ್ನ ಶಾಪಿನಲ್ಲಿ ಕೂತು ಫೋನಿನಲ್ಲಿ ಜನ ಬರೆದದ್ದನ್ನೆಲ್ಲ ಎಡವುತ್ತ ಓದಿದ. ಹಳೆಯವನಿಲ್ಲದ ಮೇಲೆ ಆ ಹೆಸರು ಇಟ್ಟುಕೊಳ್ಳಲು ನಾಚಿಕೆ ಆಗಬೇಕು ಎಂದು ಒಬ್ಬ ಬರೆದಿದ್ದ. ಹತ್ತು ವರ್ಷದಲ್ಲಿ ಇಷ್ಟು ಒಳ್ಳೆಯದು ಬಂದಿರಲಿಲ್ಲ ಎಂದು ಇನ್ನೊಬ್ಬ. ಕೇಳದೆಯೇ ಬೈಯುವವರ ಗುಂಪೊಂದು, ಅವರನ್ನು ಬೈಯುವವರ ಗುಂಪು ಇನ್ನೊಂದು.

"ನಮ್ಮೂರ ಪಂಚಾಯ್ತಿ ಎಲೆಕ್ಷನ್ನೇ ವಾಸಿ ಕಣೋ," ಅಂದ ಜೀಪಿನವನು.

ಅದೇ ವರ್ಷ ರೈಟರ ತೋಟದಲ್ಲೂ ಹೊಸಬನೊಬ್ಬ ಬಂದಿದ್ದ. ಇಪ್ಪತ್ತೇಳು ವರ್ಷದ ಡಿಗ್ರಿ ಹುಡುಗ. ಹಾಜರಿ ಪುಸ್ತಕ ಹೋಗಿ ಫೋನು ಬಂತು. ನಮ್ಮ ರೈಟರನ್ನು ಗೊಬ್ಬರ, ಔಷಧಿ, ಚೀಲ ನೋಡಿಕೊಳ್ಳಲು ಸ್ಟೋರಿಗೆ ಹಾಕಿದರು. ಸಂಬಳ ಕಡಿಮೆ ಮಾಡಲಿಲ್ಲ. ಆದರೆ ಬೆಳಗಿನ ಹಾಜರಿ ಕೂಗುವುದು ತಪ್ಪಿತು.

ಆ ಕೂಗನ್ನು ನಾನು ಎಷ್ಟೋ ವರ್ಷ ಕೇಳಿದ್ದೇನೆ. ಸ್ಟೋರಿನ ಮುಂದಿನ ಅಂಗಳದಲ್ಲಿ ನಿಂತು, ಪುಸ್ತಕ ತೆರೆಯದೆ, ಅವರು ಒಂದೊಂದೇ ಹೆಸರು ಕೂಗುತ್ತಿದ್ದರು. ಆ ಸಾಲಿಗೆ ಒಂದು ಕ್ರಮವಿತ್ತು. ಯಾವ ಮನೆಯವರು ಆ ತೋಟಕ್ಕೆ ಮೊದಲು ಬಂದರೋ ಅವರ ಹೆಸರು ಮೊದಲು. ಅತ್ತೆ ಸತ್ತರೆ ಸೊಸೆಗೆ ಆ ಜಾಗ. ಎಲ್ಲೂ ಬರೆದಿಟ್ಟದ್ದಲ್ಲ, ಹಿಂದಿನ ರೈಟರ ಬಾಯಿಂದ ಇವರ ಬಾಯಿಗೆ ಬಂದದ್ದು. ಹೊಸಬನ ಫೋನಿನಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರದ ಕ್ರಮದಲ್ಲಿದ್ದವು. ಎಲ್ಲರಿಗಿಂತ ಹಳಬಳಾದ ಅಜ್ಜಿಯ ಹೆಸರು ಕೊನೆಗೆ ಹೋಯಿತು.

"ಮೊನ್ನೆ ಬಂದೋಳ ಬೆನ್ನಿಗೆ ನಾನು ನಿಲ್ಬೇಕಾ? ನಾ ಬಂದಾಗ ಈ ಗಿಡ ಮೊಣಕಾಲುದ್ದ ಇದ್ವು," ಅಂದ ಅಜ್ಜಿ ಮೂರು ದಿನ ಕೆಲಸಕ್ಕೆ ಬರಲಿಲ್ಲ. ಅವಳ ಪರವಾಗಿ ಇನ್ನೂ ನಾಲ್ಕು ಮನೆಯವರು ನಿಂತರು. ಹೊಸಬನಿಗೆ ಯಾಕೆಂದು ತಿಳಿಯಲಿಲ್ಲ, ರೈಟರು ಹೇಳಲಿಲ್ಲ. "ಅವನೇ ಬಂದು ಕೇಳ್ಳಿ," ಅಂತ ಸ್ಟೋರಿನ ಬಾಗಿಲಲ್ಲಿ ಕೂತು ನೋಡುತ್ತಿದ್ದರು.

ಇದೆಲ್ಲ ಗೊತ್ತಿದ್ದೂ ನಾನು ಹೊಸ ಆಲ್ಬಮ್ ಕೇಳಿದ ಆ ಭಾನುವಾರ ಅಂಥ ಮಾತು ಆಡಿದೆ.

ರೈಟರು ಬರುವುದೇ ಇಲ್ಲ ಅಂದಿದ್ದರು. ಜೀಪಿನವನು ಮನೆಗೇ ಹೋಗಿ ಕರೆದುಕೊಂಡು ಬಂದ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೈಕಟ್ಟಿ ಕೂತರು. ಆಲ್ಬಮ್ ಮುಗಿಯಿತು. ಗಾಜಿಗೆಲ್ಲ ನಮ್ಮ ಉಸಿರಿನ ಹಬೆ ಹಿಡಿದಿತ್ತು.

"ಹೇಳೋ," ಅಂದರು ರೈಟರು.

ಕೆಲಸವಾಗಲಿ ಹಾಡಾಗಲಿ, ನಾನು ಬಾಯಿ ಬಿಟ್ಟರೆ ಇದ್ದದ್ದನ್ನೇ ಹೇಳುವವನು. "ಹೊಸಬ ಗಟ್ಟಿಗ ಕಣ್ರೀ. ಹಳೆಯವನ ಗಂಟಲು ಹಿಂದಿನ ಎರಡು ಆಲ್ಬಮ್ಮಿಂದ್ಲೇ ಸವೆದಿತ್ತು. ಮೇಲಿನ ದನಿಗೆ ಹೋಗೋವಾಗ ಕರಕರ ಅಂತಿತ್ತು. ಸವೆದ ಬೇರಿಂಗ್ ಇಟ್ಕಂಡು ಓಡ್ಸಿದ್ರೆ ಶಾಫ್ಟೇ ಹೋಗ್ಬುಡ್ತದೆ. ಟೈಮಿಗೆ ಸರಿಯಾಗಿ ಬದಲಾಯ್ಸವ್ರೆ."

ಜೀಪಿನವನು ಕನ್ನಡಿಯಲ್ಲಿ ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡ. ಆಗ ನನಗೆ ಹೊಳೆಯಿತು. ಆದರೆ ಮಾತು ಆಗಲೇ ಹೋಗಿತ್ತು.

"ಗೊತ್ತಾಯ್ತು," ಅಂದರು ರೈಟರು. ಬಾಗಿಲು ತೆಗೆದು ಇಳಿದರು. ಅರ್ಥ ಬಿಡಿಸಲಿಲ್ಲ, ತೀರ್ಪು ಕೊಡಲಿಲ್ಲ. ಹೊಂಗಡಹಳ್ಳದ ಕಡೆ ನಡೆದೇ ಹೋದರು. ಜೀಪಿನವನು ಪಕ್ಕದಲ್ಲೇ ನಿಧಾನ ಓಡಿಸುತ್ತ "ಹತ್ತಿ ರೈಟ್ರೇ, ಕಾಲು ನೋಯ್ತದೆ," ಅಂತ ಬೇಡಿಕೊಂಡ. ಅವರು ತಿರುಗಿ ನೋಡಲಿಲ್ಲ.

ಐದು ವಾರ ಅವರು ನನ್ನ ಫೋನು ಎತ್ತಲಿಲ್ಲ.

"ಹೋಗಿ ತಪ್ಪಾಯ್ತು ಅನ್ನು ಮಾರಾಯ," ಅನ್ನುತ್ತಿದ್ದ ಜೀಪಿನವನು. "ಹೊಸಬ ಚೆನ್ನಾಗಿಲ್ಲ ಅಂದ್ಬುಡು. ಅವನೇನು ಲಂಡನ್ನಿಂದ ಬಂದು ನಿನ್ನ ಕೇಳ್ತಾನಾ?"

"ಚೆನ್ನಾಗಿರೋದ್ನ ಚೆನ್ನಾಗಿಲ್ಲ ಅನ್ನಕ್ಕೆ ಬರಲ್ಲ ನಂಗೆ."

"ಹಂಗಾರೆ ಇಬ್ರೇ ಕೂತು ಕೇಳಣ ಬಿಡು ಇನ್ಮೇಲೆ."

ಆ ಮಾತು ನನ್ನನ್ನು ಸುಮ್ಮನೆ ಬಿಡಲಿಲ್ಲ. ಕೊಯ್ಲು ಶುರುವಾಗಿ ಆ ತೋಟದಿಂದ ಪಲ್ಪರ್ ಕೆಲಸಕ್ಕೆ ಕರೆ ಬಂದಾಗ ಒಂದು ದಿನ ಮೊದಲೇ ಹೋದೆ. ರೈಟರು ಸ್ಟೋರಿನಲ್ಲಿ ಗೋಣಿಚೀಲ ಎಣಿಸಿ ಮಡಿಸುತ್ತಿದ್ದರು. ಬಾ ಅನ್ನಲಿಲ್ಲ. ನಾನು ಒಂದು ಚೀಲ ಎಳೆದುಕೊಂಡು ಎದುರಿಗೆ ಕೂತೆ, ಮಡಿಸತೊಡಗಿದೆ.

"ನಾನು ಹೇಳಿದ್ದು ಆ ಗಾಯಕನ ಬಗ್ಗೆ," ಅಂದೆ.

"ನನ್ನ ಬಗ್ಗೆ ಅಂತ ನಾನೇನಾರ ಅಂದ್ನಾ?" ಮಡಿಸಿದ ಚೀಲವನ್ನು ರಾಶಿಗೆ ಹಾಕಿದರು. ಆಮೇಲೆ ಮುಖ ಎತ್ತದೆ ಕೇಳಿದರು, "ಸ್ಕ್ರೂ ಡ್ರೈವರ್ ಕಿವಿಗಿಟ್ಟು ಮಿಷನ್ ರೋಗ ಹೇಳ್ತೀಯಲ್ಲ. ನಂದೂ ಹೇಳ್ಬುಡು. ನನ್ನ ಗಂಟಲು ಸವೆದಿತ್ತಾ?"

ನಾನು ಕೈಯಲ್ಲಿದ್ದ ಚೀಲವನ್ನು ಪೂರ್ತಿ ಮಡಿಸಿದೆ. ನನಗೆ ಗೊತ್ತಿತ್ತು. ಕೊನೆಯ ಎರಡು ವರ್ಷ ಅವರ ಕೂಗು ಆಳುಗಳು ಇರುವ ಕೆಳಗಿನ ಲೈನ್ ಮನೆಗಳಿಗೆ ಮುಟ್ಟುತ್ತಿರಲಿಲ್ಲ. ಜನ ಹೊತ್ತು ನೋಡಿಕೊಂಡು ಬರುತ್ತಿದ್ದರು, ಕೂಗು ಕೇಳಿ ಅಲ್ಲ. ಇಲ್ಲ ಅಂದುಬಿಟ್ಟರೆ ಆ ಕ್ಷಣ ಹಗುರಾಗುತ್ತಿತ್ತು. ಆದರೆ ನನ್ನ ಕಿವಿಯನ್ನು ನಂಬಿ ಮೊದಲ ಮಾತು ಕೊಟ್ಟವರ ಮುಂದೆ ನನಗೆ ಅದು ಆಗಲಿಲ್ಲ.

"ಸವೆದಿತ್ತು ರೈಟ್ರೇ," ಅಂದೆ. "ಆದ್ರೆ ಆ ಹೆಸರಿನ ಸಾಲು ನಿಮ್ಮ ತಾವ ಮಾತ್ರ ಐತೆ. ಅವನ ಗಂಟಲು ಎಷ್ಟು ಗಟ್ಟಿ ಇದ್ರೇನು, ಅವನ ತಾವ ಸಾಲಿಲ್ಲ. ನೀವು ಅದನ್ನ ನುಂಗ್ಕಂಡು ಕೂತ್ರೆ ನಿಮ್ಮ ಜೊತೇಲೇ ಹೋಗ್ಬುಡ್ತದೆ."

ಅವರ ಕೈ ನಿಂತಿತು. ಎದ್ದು ಹೊರಗೆ ಹಾಕುತ್ತಾರೆ ಅಂದುಕೊಂಡೆ. ಅವರು ಜೇಬಿನಿಂದ ಫೋನು ತೆಗೆದು ಚೀಲದ ಮೇಲಿಟ್ಟರು. ಆ ಆಲ್ಬಮ್ಮೇ ಇತ್ತು ಅದರಲ್ಲಿ.

"ದಿನಾ ಕೇಳಿವ್ನಿ," ಅಂದರು. "ಒಬ್ನೇ. ಮೊದಲ ಮೂರು ಹಾಡಲ್ಲಿ ಅವನು ಹಳೆಯವನ ಅಂಗಿ ತೊಟ್ಕಂಡು ಹಾಡವ್ನೆ. ತೋಳು ಉದ್ದ ಆಗೈತೆ. ಐದನೇದ್ರಲ್ಲಿ ಆ ಅಂಗಿ ಬಿಚ್ಚಿ ಎಸ್ದವ್ನೆ. ಅದು ಅವನ ಸ್ವಂತ ಹಾಡು."

"ಮೂರನೇದೂ ಚೆನ್ನಾಗೈತೆ."

"ನಿಂಗೆ ಪದ ಗೊತ್ತಿಲ್ಲ ಕಣೋ. ಆ ಪದ ಹಳೆಯವನಿಗೇ ಅಂತ ಬರ್ದಿದ್ದು. ಇವನ ಬಾಯಲ್ಲಿ ಸುಳ್ಳು ಕೇಳ್ತದೆ."

"ಪದ ಬುಡಿ. ದನಿ ಸುಳ್ಳು ಹೇಳ್ತಿಲ್ಲ."

"ಏಳನೇ ಕ್ಲಾಸು," ಅಂದರು. ಅವರು ನನ್ನನ್ನು ಹಾಗೆ ಬೈದು ಐದು ವಾರ ಆಗಿತ್ತು. ನಾನು ಇನ್ನೊಂದು ಚೀಲ ಎಳೆದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಪಲ್ಪರ್ ಮನೆಯಲ್ಲಿ ಬೋಲ್ಟು ಬಿಗಿಯುತ್ತಿದ್ದೆ. ಅಲ್ಲಿಂದ ಅಂಗಳ ಕಾಣುತ್ತದೆ. ಆಳುಗಳು ಬಂದು ನಿಂತರು. ಹೊಸಬ ಫೋನು ತೆಗೆದ. ನಮ್ಮ ರೈಟರು ಸ್ಟೋರಿನಿಂದ ಇಳಿದು ಹೋಗಿ ಅವನ ಪಕ್ಕಕ್ಕೆ ನಿಂತರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಹೊಸಬ ಮೊದಲು ಮುಖ ಗಂಟಿಕ್ಕಿದ, ಆಮೇಲೆ ಫೋನನ್ನು ಜೇಬಿಗೆ ಇಳಿಸಿ ತಲೆ ಸ್ವಲ್ಪ ಇವರ ಕಡೆ ಬಗ್ಗಿಸಿದ.

ರೈಟರು ಅವನ ಕಿವಿಯಲ್ಲಿ ಒಂದು ಹೆಸರು ಹೇಳಿದರು. ಅವನು ಕೂಗಿದ. ಅಜ್ಜಿಯ ಹೆಸರು. ಆ ಕೂಗು ಅಂಗಳ ದಾಟಿ, ಕೆಳಗಿನ ಲೈನುಗಳನ್ನು ದಾಟಿ ಹೋಯಿತು.

ಅಜ್ಜಿ ತಕ್ಷಣ ಓಗೊಡಲಿಲ್ಲ. ಕೂಗಿದವನನ್ನು ನೋಡಿದಳು, ಪಕ್ಕದಲ್ಲಿ ನಿಂತವರನ್ನು ನೋಡಿದಳು. ಸೊಂಟಕ್ಕೆ ಕಟ್ಟಿದ ಚೀಲ ಸರಿಮಾಡಿಕೊಂಡಳು. ರೈಟರು ಅವಳ ಕಡೆ ತಲೆಯಾಡಿಸಿದ ಮೇಲೆ "ಬಂದೀನಿ" ಅಂದು ಸಾಲಿನ ತುದಿಯಿಂದ ಮುಂದಕ್ಕೆ ನಡೆದಳು. ರೈಟರು ಮತ್ತೆ ಬಗ್ಗಿ ಎರಡನೇ ಹೆಸರು ಹೇಳಿದರು.