ಪೈಲಟ್‌ಗಳನ್ನು ಎಬ್ಬಿಸುತ್ತಿದ್ದ ಮಂಗಳಮ್ಮ

ಪೈಲಟ್ ಎದ್ದಿದ್ದಾನೆಂದು ಮಂಗಳಮ್ಮ ನಂಬಬೇಕಾದರೆ ಅವನ ಬಚ್ಚಲ ನಲ್ಲಿಯ ಸದ್ದು ಫೋನಿನಲ್ಲಿ ಕೇಳಬೇಕಿತ್ತು. "ಎದ್ದೆ ಅಂತ ಎಲ್ರೂ ಅಂತಾರೆ ಕಣ್ರೀ, ಹಾಸ್ಗೇಲೇ ಬಿದ್ಕೊಂಡು! ನಲ್ಲಿ ತಿರುಗ್ಸಿ, ನೀರು ಬೀಳೋದು ಕೇಳ್ಲಿ," ಎನ್ನುತ್ತಿದ್ದರು. ಕನ್ನಡ ಬಾರದವರನ್ನು ತಮ್ಮದೇ ಹಿಂದಿಯಲ್ಲಿ ಗದರುತ್ತಿದ್ದರು. ಎಷ್ಟೋ ಹಿರಿಯ ಕ್ಯಾಪ್ಟನ್‌ಗಳು ಅವರ ಮುಖವನ್ನೇ ನೋಡದೆ ಅವರಿಗೆ ಹೆದರುತ್ತಿದ್ದರು.

ನಮ್ಮದು ಚಿಕ್ಕ ವಿಮಾನಗಳ ಕಂಪನಿ. ವಿಮಾನಗಳು ಹಾರುವುದು ಬೇರೆ ಬೇರೆ ಊರುಗಳಿಂದ, ಕೇಂದ್ರ ಕಚೇರಿ ಮಾತ್ರ ಮೈಸೂರಿನ ಹೆಬ್ಬಾಳದಲ್ಲಿ. ಪೈಲಟ್‌ಗಳಿಗೆ ಪಾಳಿ ಹಾಕುವುದು, ಹೊತ್ತಿಗೆ ಸರಿಯಾಗಿ ಎಬ್ಬಿಸುವುದು ಮಂಗಳಮ್ಮನವರ ವಿಭಾಗದ ಕೆಲಸ. ಪಕ್ಕದ ಮೇಜಿನಲ್ಲಿ ಕೂತು ಹವಾಮಾನ ನೋಡುವವನು ನಾನು. ಮಂಗಳಮ್ಮನವರದು ಹಣೆ ತುಂಬ ವಿಭೂತಿ, ಬೇಸಿಗೆಯಲ್ಲೂ ಸ್ವೆಟರು, ಮೇಜಿನ ಮೇಲೆ ಎರಡು ಊಟದ ಡಬ್ಬಿ. ಒಂದು ಅವರಿಗೆ, ಇನ್ನೊಂದು ಹಸಿದು ಬಂದವರಿಗೆ. ಆ ಎರಡನೆಯದನ್ನು ಹೆಚ್ಚಾಗಿ ಖಾಲಿ ಮಾಡುತ್ತಿದ್ದವನು ನಾನೇ.

ಕಚೇರಿಯನ್ನು ಹೈದರಾಬಾದಿಗೆ ಸಾಗಿಸುವ ಯೋಚನೆಯಿದೆ ಎಂಬ ಸುದ್ದಿ ಬಂದಾಗ ನಾವೆಲ್ಲ ಕಂಗಾಲಾದೆವು. ಮಂಗಳಮ್ಮನವರ ಗಂಡನದು ಅಶೋಕಪುರಂನಲ್ಲಿ ಹಿಟ್ಟಿನ ಗಿರಣಿ. "ನಮ್ಮೆಜಮಾನ್ರು ಏನಂದ್ರು ಗೊತ್ತಾ? ಗಿರಣೀನ ತಲೆ ಮೇಲೆ ಹೊತ್ಕೊಂಡ್ ಬರ್ಲಾ ಅಂದ್ರು," ಎಂದು ನಕ್ಕರು. ನಕ್ಕು ಮುಗಿದ ಮೇಲೆ, "ಈ ಕೆಲ್ಸ ಬುಟ್ರೆ ನಂಗೆ ಬೇರೆ ಏನೂ ಬರಲ್ಲ ಕಣ್ರೀ," ಎಂದರು.

ನಮ್ಮ ಅಭಿಪ್ರಾಯ ಕೇಳಲು ನಿರ್ದೇಶಕರೊಬ್ಬರು ಬಂದರು. ಬಂದದ್ದು ಊಟದ ಹೊತ್ತಿಗೆ. ಮಂಗಳಮ್ಮ ಸುಮ್ಮನಿರುತ್ತಾರೆಯೇ? ಎರಡನೇ ಡಬ್ಬಿ ತೆರೆದು ಹೋಳಿಗೆ ಬಡಿಸಿದರು. ಆತ ತಿನ್ನುತ್ತ, "ಆಫೀಸು ಅಲ್ಲಿಗೆ ಹೋದರೆ ನೀವೂ ಬರುತ್ತೀರಲ್ಲ?" ಎಂದರು. ತುಪ್ಪದ ಚಮಚ ಹಿಡಿದಿದ್ದ ಮಂಗಳಮ್ಮ, "ಅದಕ್ಕೇನಂತೆ ಸಾರ್, ಬರ್ತೀವಿ. ಇನ್ನೊಂದು ಹಾಕಿಸ್ಕೊಳ್ಳಿ," ಎಂದುಬಿಟ್ಟರು. ನಾವೂ ತಲೆಯಾಡಿಸಿದೆವು.

ಆತ ಹೋದ ಮೇಲೆ, ಹಾಗೇಕೆ ಒಪ್ಪಿಕೊಂಡಿರಿ ಎಂದು ನಾನು ರೇಗಿದೆ. "ಊಟಕ್ಕೆ ಕೂತವ್ರ ಮುಂದೆ ಇಲ್ಲ ಅನ್ನಕ್ಕಾಯ್ತದಾ? ಅವ್ರ ಬಾಯಲ್ಲಿ ತುತ್ತಿತ್ತು," ಎಂದು ನನ್ನನ್ನೇ ದಬಾಯಿಸಿದರು.

ಸಂತೋಷದಿಂದ ಒಪ್ಪಿದವರೆಂದು ಅವರ ವಿಭಾಗವನ್ನೇ ಮೊದಲು ಸಾಗಿಸಲು ಆಜ್ಞೆಯಾಯಿತು. ಮಂಗಳಮ್ಮ ನಿರ್ದೇಶಕರಿಗೆ ಫೋನು ಮಾಡಿ, ಬರಲಾಗುವುದಿಲ್ಲ, ಇಲ್ಲೇ ಇರಿಸಿ ಎಂದು ಕೇಳಿಕೊಂಡರು. ಆತ ಮರ್ಯಾದೆಯಿಂದಲೇ ಮಾತಾಡಿ, ಹೋಳಿಗೆಯನ್ನು ಹೊಗಳಿ, ಇದು ತಮ್ಮ ಕೈಯಲ್ಲಿಲ್ಲ ಎಂದರಂತೆ. ಮತ್ತೆ ಯಾರ ಕೈಯಲ್ಲಿದೆ ಎಂಬುದು ನಮಗೆ ಕೊನೆಗೂ ತಿಳಿಯಲಿಲ್ಲ. ಹೋಗುವಂತಿಲ್ಲ, ಇರುವಂತಿಲ್ಲ, ಮಂಗಳಮ್ಮ ರಾಜೀನಾಮೆ ಕೊಟ್ಟರು. ನಾವು ಹಾರ ಹಾಕಿದೆವು. ಬೇರೇನೂ ನಮ್ಮಿಂದಾಗಲಿಲ್ಲ, ಅದು ಇವತ್ತಿಗೂ ನನ್ನನ್ನು ಹಿಂಡುತ್ತದೆ.

ಅವರು ಹೋದ ಮೇಲೆ ಪೈಲಟ್‌ಗಳನ್ನು ಎಬ್ಬಿಸುವ ಕೆಲಸ ಕಂಪ್ಯೂಟರಿನ ದನಿಯ ಪಾಲಾಯಿತು. ಸ್ವಲ್ಪ ದಿನಕ್ಕೆ ಕಂಪನಿ, ಸದ್ಯಕ್ಕೆ ಯಾವ ವಿಭಾಗವೂ ಹೊರಡುವುದಿಲ್ಲ, ವಿಷಯ ಪರಿಶೀಲನೆಯಲ್ಲಿದೆ ಎಂದಿತು. ಇದನ್ನು ಮಂಗಳಮ್ಮನವರಿಗೆ ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ಮೊನ್ನೆ ರಾಗಿ ಬೀಸಿಸುವ ನೆಪದಲ್ಲಿ ರಾಜೀವನಗರದ ನನ್ನ ಮನೆಯಿಂದ ಅವರ ಗಿರಣಿಗೆ ಹೋಗಿದ್ದೆ. ನನ್ನನ್ನು ಕಂಡು ಅರಳಿದರು. "ಇನ್ನೂ ಊರಲ್ಲೇ ಇದೀರಾ? ಯಾವಾಗ ಹೊರಡೋದು?" ಎಂದರು.

"ಹೊರಡ್ತಿಲ್ಲ ಮಂಗಳಮ್ಮ, ಇಲ್ಲೇ ಇದೀವಿ. ಕಂಪನಿಯವ್ರು ಇನ್ನೂ ಯೋಚ್ನೆ ಮಾಡ್ತಾನೇ ಇದಾರಂತೆ."

ಚೀಲ ಕಟ್ಟುತ್ತಿದ್ದ ಅವರ ಕೈ ನಿಂತಿತು.

"ಮತ್ತೆ ನಾನ್ಯಾಕೆ ಬಂದ್ಬುಟ್ಟೆ?"

ಯಂತ್ರದ ಗದ್ದಲದಲ್ಲಿ ಕೇಳಿಸಲಿಲ್ಲವೆಂಬಂತೆ ನಿಂತೆ. ಅವರ ಗಂಡ ಬಂದು ಯಂತ್ರ ನಿಲ್ಲಿಸಿದರು. ಮಂಗಳಮ್ಮ ಅದನ್ನೇ ಮತ್ತೆ ಕೇಳಿದರು.